ಕಾರಿಗೆ ಹೊದಿಸಿದ ರಗ್ಗು

ಕಾರು ರಿಪೇರಿಯ ಗಂಧಗಾಳಿಯಿಲ್ಲದವರು ಕಾರಿನ ಕತೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಲಿತು ಬಂದು ಹೇಳೋಣವೆಂದರೆ ಸಮಯವಿಲ್ಲ. ಗುಬ್ಬಿ ಆಗಲೇ ಅಮ್ಮನ ಹಾಟ್ ವಾಟರ್ ಬ್ಯಾಗನ್ನು ಅಪ್ಪಿಕೊಂಡು, ಹೆಗಲ ಮೇಲೆ ತನ್ನ ಹಳದಿ ರಗ್ಗು ಹೊತ್ತು ಶೆಡ್ಡಿಗೆ ನುಗ್ಗಿಬಿಟ್ಟಿದ್ದಾಳೆ.

ಅಲ್ಲಿ ನೀಲಿ ಕಾರು ನಿಂತಿತ್ತು. ಗುಬ್ಬಿ ಬಿಸಿ ಬ್ಯಾಗನ್ನು ಬಾನೆಟ್ ಮೇಲಿಟ್ಟು ರಗ್ಗು ಹೊದಿಸಿದಳು. "ಇವತ್ತೊಂದಿನ ಕೆಮ್ಮಬೇಡ ಕಣೋ" ಎಂದು ಪಿಸುಗುಟ್ಟಿದಳು.

ಗುಬ್ಬಿಯ ಅಮ್ಮ ಮೆಕ್ಯಾನಿಕ್. ಮೂಲೆಗೆ ಬಿದ್ದ ಹಳೆ ಕಾರುಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಾಳೆ. ಈ ಕಾರು ಮಾತ್ರ ಹಠಮಾರಿ. ರಾತ್ರಿಯಿಡೀ ತಣ್ಣಗೆ ನಿಂತರೆ ಬೆಳಿಗ್ಗೆ ಖೊಕ್ ಖೊಕ್ ಎಂದು ಕೆಮ್ಮಿ ಸುಮ್ಮನಾಗುತ್ತಿತ್ತು. ನೋಡಲು ಬಂದ ಗಿರಾಕಿಗಳು ಅದನ್ನು ಕೇಳಿಯೇ ವಾಪಸ್ ಹೋಗಿದ್ದರು.

ಆಮೇಲೆ ಅಮ್ಮ ವಾರವಿಡೀ ಎಂಜಿನ್ನಿನೊಳಗೆ ತಲೆ ತೂರಿಸಿಕೊಂಡಿದ್ದಳು. ಈಗ ಸರಿಹೋಗಿದೆ ಎಂದಿದ್ದಳು. ಆದರೂ ಗುಬ್ಬಿಗೆ ಧೈರ್ಯ ಬಂದಿರಲಿಲ್ಲ. ಇದು ಮಾರಾಟವಾಗದಿದ್ದರೆ ಶೆಡ್ಡು ಮುಚ್ಚಿ ಮತ್ತೆ ದೊಡ್ಡ ಗ್ಯಾರೇಜಿನ ಕೆಲಸಕ್ಕೆ ಹೋಗಬೇಕೆಂದು ಅಮ್ಮ ಫೋನಿನಲ್ಲಿ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಆ ಕೆಲಸವಿದ್ದಾಗ ಗುಬ್ಬಿ ನಿದ್ದೆಹೋದ ಮೇಲೇ ಅಮ್ಮ ಮನೆಗೆ ಬರುತ್ತಿದ್ದುದು.

ಗೇಟು ಕಿರುಗುಟ್ಟಿತು. ಗುಬ್ಬಿ ರಗ್ಗು, ಬ್ಯಾಗು ಎರಡನ್ನೂ ಬಾಚಿ ಹಿಂದಿನ ಸೀಟಿಗೆ ಎಸೆದಳು.

ಅಮ್ಮನ ಜೊತೆ ಇವತ್ತಿನ ಗಿರಾಕಿ, ಆಸ್ಪತ್ರೆಯ ನರ್ಸಮ್ಮ ಒಳಬಂದರು. ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದರು. ಆ ಹೊತ್ತಿಗೆ ಬಸ್ಸು ಸಿಗದೆ ದಿನವೂ ನಡೆದೇ ಮನೆ ಸೇರುತ್ತಿದ್ದರಂತೆ.

ಅಮ್ಮನದೊಂದು ನಿಯಮವಿತ್ತು. ಗಿರಾಕಿ ಬರುವ ತನಕ ಯಾರೂ ಕೀ ಮುಟ್ಟುವಂತಿಲ್ಲ. ಬಂದವರೇ ಬಾನೆಟ್ ಮುಟ್ಟಿ, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡು ಸ್ಟಾರ್ಟ್ ಮಾಡಬೇಕು. ಬೆಚ್ಚಗಿರುವಾಗ ಎಂಥ ಎಂಜಿನ್ನೂ ಜಾಣಮರಿ, ತಣ್ಣಗಿದ್ದಾಗಲೇ ಅದರ ಬಣ್ಣ ಬಯಲಾಗುವುದು ಎನ್ನುತ್ತಿದ್ದಳು.

"ಮುಟ್ಟಿ ನೋಡಿ ಮೇಡಂ" ಎಂದಳು ಹೆಮ್ಮೆಯಿಂದ.

ನರ್ಸಮ್ಮ ಅಂಗೈ ಇಟ್ಟರು. ಹುಬ್ಬು ಗಂಟಿಕ್ಕಿತು. "ಬೆಚ್ಚಗಿದೆಯಲ್ರೀ. ನಾನು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ರಾ?"

ಅಮ್ಮ ತಾನೂ ಮುಟ್ಟಿದಳು. ಗೂಟದಲ್ಲೇ ನೇತಾಡುತ್ತಿದ್ದ ಕೀಯತ್ತ ತಿರುಗಿ ನೋಡಿದಳು. ನರ್ಸಮ್ಮ ಹೊರಡಲು ತಿರುಗಿದರು.

ಗುಬ್ಬಿ ಹಿಂದಿನ ಬಾಗಿಲು ತೆಗೆದು ರಗ್ಗು ಎತ್ತಿ ತೋರಿಸಿದಳು. "ನಾನು... ಅದಕ್ಕೆ ಚಳಿ ಆಗದಿರ್ಲಿ ಅಂತ. ಅಮ್ಮಂಗೆ ಗೊತ್ತಿಲ್ಲ ಆಂಟಿ."

ನರ್ಸಮ್ಮ ಬಗ್ಗಿ ಬಿಸಿ ಬ್ಯಾಗನ್ನು ಮುಟ್ಟಿ ನೋಡಿದರು. "ನಮ್ಮ ಪೇಶೆಂಟ್‌ಗಳಿಗೂ ಇಷ್ಟು ಸೇವೆ ಸಿಗಲ್ಲ" ಎಂದರು.

ಅಮ್ಮ ನಗಲಿಲ್ಲ. "ನಾನು ಮಾಡಿದ ಕೆಲಸದ ಮೇಲೆ ನಿಂಗೆ ನಂಬಿಕೆ ಬರ್ಲಿಲ್ವಾ ಪುಟ್ಟಿ?"

ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಗುಬ್ಬಿಗೆ.

ಅಮ್ಮ ಗೂಟದಿಂದ ಕೀ ತೆಗೆದು ನರ್ಸಮ್ಮನ ಕೈಗಿಟ್ಟಳು. "ಇವತ್ತು ಸ್ಟಾರ್ಟ್ ಆದ್ರೂ ನೀವು ನಂಬೋ ಹಾಗಿಲ್ಲ. ತಗೊಂಡು ಹೋಗಿ ನಿಮ್ಮನೆ ಮುಂದೆ ನಿಲ್ಸಿ. ನಾಳೆ ಬೆಳಿಗ್ಗೆ ನೀವೇ ಕೀ ತಿರುಗ್ಸಿ. ಕೆಮ್ಮಿದ್ರೆ ಒಂದು ಫೋನ್ ಮಾಡಿ, ನಾನೇ ಬಂದು ಎಳ್ಕೊಂಡು ಬರ್ತೀನಿ."

ಕಾರು ಹೋಯಿತು. ಗಡಿಬಿಡಿಯಲ್ಲಿ ರಗ್ಗೂ ಅದರ ಜೊತೆಗೇ ಹೋಯಿತು. ಆ ರಾತ್ರಿ ಗುಬ್ಬಿ ಅಮ್ಮನ ರಗ್ಗಿನೊಳಗೇ ತೂರಿಕೊಂಡಳು. ಅಮ್ಮನ ಕೈಗೆ ಗ್ರೀಸಿನ ವಾಸನೆಯಿತ್ತು. ಅಮ್ಮ ಗೊರಕೆ ಹೊಡೆಯುತ್ತಿದ್ದಳು. ಇಷ್ಟು ನಿಶ್ಚಿಂತೆಯಿಂದ ಹೇಗೆ ಮಲಗಿದ್ದಾಳೆ ಎಂದು ಗುಬ್ಬಿ ತುಂಬ ಹೊತ್ತು ಅವಳನ್ನೇ ನೋಡಿದಳು.

ಮರುದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಸಂಜೆ ಗೇಟಿನ ಮುಂದೆ ನೀಲಿ ಕಾರು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಚಾದರದಂತೆ ನೀಟಾಗಿ ಮಡಿಸಿದ ಹಳದಿ ರಗ್ಗಿತ್ತು. ಕಾರನ್ನು ತಮ್ಮ ಹೆಸರಿಗೆ ಮಾಡಿಕೊಡಲು ನರ್ಸಮ್ಮ ಅಮ್ಮನಿಗೆ ಹೇಳಿದರು.

ಈಗ ಶೆಡ್ಡಿನಲ್ಲಿ ಇನ್ನೊಂದು ಹಳೆ ಕಾರಿದೆ. ಗಿರಾಕಿ ಬರುವ ದಿನ ಗುಬ್ಬಿಯೇ ಎಲ್ಲರಿಗಿಂತ ಮೊದಲು ಎದ್ದು ಬಾನೆಟ್ ಮೇಲೆ ಅಂಗೈ ಇಡುತ್ತಾಳೆ.

"ತಣ್ಣಗಿದೆ ಅಮ್ಮಾ" ಎನ್ನುತ್ತಾಳೆ.

ಅಂದು ಬೆಳಿಗ್ಗೆ ನರ್ಸಮ್ಮನ ಮನೆ ಮುಂದೆ ನೀಲಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತೋ, ಸ್ವಲ್ಪ ಕೆಮ್ಮಿದ ಮೇಲೋ? ನರ್ಸಮ್ಮ ಹೇಳಲಿಲ್ಲ. ಗುಬ್ಬಿ ಕೇಳಲೂ ಇಲ್ಲ. ಹಾಗಾಗಿ ಕತೆ ಹೇಳಿದವರಿಗೂ ಅದು ಗೊತ್ತಿಲ್ಲ.