ಇಪ್ಪತ್ತೇಳನೆಯ ಮನೆ

ಟಕ್ ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಟಕ್. ಬುಧವಾರ ರಾತ್ರಿ ಹನ್ನೊಂದೂವರೆಯ ಸುಮಾರು, ನಾನು ಮಹಡಿಯ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದೆ. ನನಗೆ ನಿದ್ದೆ ತಡವಾಗಿ ಬರುತ್ತದೆ. ಬರುವವರೆಗೆ ಮನೆಯ ಸದ್ದುಗಳನ್ನು ಒಂದೊಂದಾಗಿ ಗುರುತು ಹಿಡಿಯುತ್ತ ಮಲಗುವುದು ಅಭ್ಯಾಸ. ಇದು ಹಲ್ಲಿಯದಲ್ಲ, ನಲ್ಲಿಯದೂ ಅಲ್ಲ. ಕೆಳಗಿನ ಕಚೇರಿಯಿಂದ ಬಂದಂತಿತ್ತು. ಇಳಿದು ಹೋಗಿ ನೋಡಬೇಕಿತ್ತು. ಹಾಗೆ ಮಾಡದೆ, ನನ್ನ ಬಾಗಿಲಿನ ಚಿಲಕವನ್ನು ಎರಡು ಸಲ ಮುಟ್ಟಿ ನೋಡಿ ಮತ್ತೆ ಮಲಗಿದೆ.

ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿಳಿದಾಗ ಪ್ರೊಫೆಸರ್ ಮಹದೇವಪ್ರಸಾದ್ ತೆರೆದ ಬೀರುವಿನ ಮುಂದೆ ನಿಂತಿದ್ದರು. ಹೆಸರುಗಳ ಕಡತ ಅಲ್ಲಿರಲಿಲ್ಲ.

ಹುಣಸೂರಿನ ಈ ಮನೆಯ ಮುಂಭಾಗವನ್ನು ವಿಶ್ವವಿದ್ಯಾನಿಲಯದ ಸಂವಹನ ಮತ್ತು ಮಾಹಿತಿ ವಿಭಾಗದವರು ಮೂರು ವರ್ಷದ ಹಿಂದೆ ಬಾಡಿಗೆಗೆ ಹಿಡಿದಿದ್ದರು. ಹಳ್ಳಿಯೊಳಗೆ ಒಂದು ಸುದ್ದಿ ಯಾರಿಂದ ಯಾರಿಗೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಅವರ ಸಂಶೋಧನೆ. ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ಕಡೆಯ ಅರವತ್ತು ಮನೆಗಳಿಗೆ ಒಂದೊಂದು ನೋಟ್ ಪುಸ್ತಕ ಕೊಟ್ಟಿದ್ದೆವು. ಇವತ್ತು ಏನು ಕೇಳಿದಿರಿ, ಯಾರಿಂದ ಕೇಳಿದಿರಿ, ಯಾರಿಗೆ ಹೇಳಿದಿರಿ, ಇಷ್ಟನ್ನು ಅವರು ದಿನವೂ ಬರೆಯಬೇಕು. ಹೊಗೆಸೊಪ್ಪಿನ ಬೆಲೆ, ಹೆರಿಗೆ, ಸಾವು, ತೋಟಕ್ಕೆ ಆನೆ ನುಗ್ಗಿದ್ದು, ಎಲ್ಲವೂ ಅದರಲ್ಲಿ ಬರುತ್ತಿದ್ದವು. ಪುಸ್ತಕದ ಮೇಲೆ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರ ಮನೆಯದು ಎಂಬುದು ಒಂದೇ ಕಡತದಲ್ಲಿ, ಕೈಬರಹದಲ್ಲಿ, ಮನೆಗೊಂದು ಹಾಳೆಯಂತೆ ಇತ್ತು. ಕಂಪ್ಯೂಟರಿಗೆ ಅದನ್ನು ಹಾಕಕೂಡದೆಂಬುದು ವಿಭಾಗದ ನಿಯಮ. ಆದ್ದರಿಂದ ನಕಲು ಇರಲಿಲ್ಲ.

ಈ ಅರವತ್ತರಲ್ಲಿ ಇಪ್ಪತ್ತೇಳನೆಯ ಪುಸ್ತಕ ಎಲ್ಲಕ್ಕಿಂತ ಹೆಸರು ಮಾಡಿತು. ಊರಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಗುಟ್ಟಾಗಿ ಮದುವೆ ಗೊತ್ತು ಮಾಡಿದ್ದರು. ಮಕ್ಕಳ ಸಹಾಯವಾಣಿಗೆ ಅದನ್ನು ತಿಳಿಸಿದವಳು ತಾನೇ ಎಂದು ಆ ಮನೆಯ ಹೆಂಗಸು ಬರೆದಿದ್ದಳು. ಮದುವೆ ನಿಂತಿತು. ತಿಳಿಸಿದವರು ಯಾರೆಂದು ಗಂಡಿನ ಕಡೆಯವರು ಇನ್ನೂ ಹುಡುಕುತ್ತಲೇ ಇದ್ದರು. ಆ ಒಂದು ಪುಟದ ಮೇಲೆ ಪ್ರೊಫೆಸರ್ ಬರೆದ ಲೇಖನವನ್ನು ಹೊರದೇಶದ ವಿದ್ವಾಂಸರೂ ಉಲ್ಲೇಖಿಸಿದರು.

ಆ ಪುಸ್ತಕವನ್ನು ಇಸಿದುಕೊಂಡು ಬಂದವಳು ನಾನು, ರೂಪಶ್ರೀ, ಯೋಜನೆಯ ಸಹಾಯಕಿ. ರಾವಂದೂರಿನ ಆಚೆಯ ಒಂದು ಊರು. ಅವಳನ್ನು ಇಲ್ಲಿ ವೀರಮ್ಮ ಎಂದು ಕರೆಯುತ್ತೇನೆ, ನಿಜವಾದ ಹೆಸರಲ್ಲ. "ನನ್ನೆಸ್ರು ಎಲ್ಲೂ ಬರಕಿಲ್ಲ ತಾನೆ?" ಎಂದು ಅವಳು ಕೇಳಿದ್ದಳು. ಬರುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ.

ಮಂಗಳವಾರ ಒಂದು ಪತ್ರ ಬಂದಿತ್ತು. ದೊಡ್ಡದೊಂದು ಸಂಶೋಧನಾ ಪ್ರಶಸ್ತಿಗೆ ನಮ್ಮ ವಿಭಾಗದ ಹೆಸರು ಕೊನೆಯ ಸುತ್ತಿಗೆ ಬಂದಿದೆ, ಸಮಿತಿಯವರು ಶುಕ್ರವಾರ ಬಂದು ಮೂರು ಮನೆಗಳನ್ನು ಕಣ್ಣಾರೆ ನೋಡುತ್ತಾರೆ ಎಂದಿತ್ತು. ಎಂಟು, ಇಪ್ಪತ್ತೇಳು, ನಲವತ್ತನಾಲ್ಕು. ಪ್ರೊಫೆಸರ್ ಒಪ್ಪಿಕೊಂಡರು. ಬಾನುಲಿ ವಿಷಯ ಕಲಿಸುವ ವಾಣಿಶ್ರೀ ಮೇಡಂ ಮಾತ್ರ ಮೇಜು ತಟ್ಟಿ ಜಗಳವಾಡಿದರು. ಬಿಳಿ ಕಾರು ಆ ಊರಿನಲ್ಲಿ ಒಂದೇ ಮನೆಯ ಮುಂದೆ ನಿಂತರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಅರ್ಥವಾಗುತ್ತದೆ ಎಂದರು. ನಮಸ್ಕಾರ ಹೇಳಿ ಬರುತ್ತಾರಷ್ಟೆ ಎಂದರು ಪ್ರೊಫೆಸರ್. ಮಾಹಿತಿ ವಿಜ್ಞಾನದ ಯತೀಶ್ ಎರಡೂ ಕಡೆ ಮಾತಾಡಲಿಲ್ಲ. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದವರು, ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕರಾಗಿದ್ದುಕೊಂಡೇ ಓದಿ ಮೇಲೆ ಬಂದವರು. ಸುದ್ದಿ ಹರಿಯುವ ದಾರಿಯ ನಕ್ಷೆಗಳೆಲ್ಲ ಅವರವೇ. ಈ ಪ್ರಶಸ್ತಿ ಬಂದರೆ ಅವರ ಕೆಲಸ ಕಾಯಂ ಆಗುವುದು ಖಚಿತವಿತ್ತು.

ಇಷ್ಟಾದ ಮೇಲೆ ಕಡತ ಹೋಗಿತ್ತು. ಪ್ರೊಫೆಸರ್ ಮೊದಲು ನನ್ನನ್ನೇ ಕೇಳಿದರು, ಇಪ್ಪತ್ತೇಳು ಯಾರ ಮನೆ, ನೆನಪಿದೆಯೇ ಎಂದು. ಅರವತ್ತು ಮನೆಗಳಲ್ಲಿ ಯಾವುದಕ್ಕೆ ಯಾವ ಸಂಖ್ಯೆಯೆಂದು ನೆನಪಿಲ್ಲ ಸರ್ ಎಂದೆ. ಸುಳ್ಳು.

ಬೀರುವಿನ ಕೀಲಿಕೈ ಮೇಜಿನ ಖಾನೆಯಲ್ಲಿರುವುದು, ಕಚೇರಿಯ ಕೀಲಿಕೈ ಹಿಂದಿನ ಜಗಲಿಯ ಮೊಳೆಗೆ ನೇತುಹಾಕಿರುವುದು ಎಲ್ಲರಿಗೂ ಗೊತ್ತಿತ್ತು. ಪ್ರೊಫೆಸರರ ಅನುಮಾನ, ಹಗಲು ಕಾವಲಿದ್ದು ನಮ್ಮ ಗಾಡಿಯನ್ನೂ ಓಡಿಸುವ ನಂಜಣ್ಣನ ಮೇಲೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ನಿಂತುಹೋದ ಮದುವೆಯ ಗಂಡು ನಂಜಣ್ಣನ ಬಾಮೈದನ ಮಗ. ಹೋದ ತಿಂಗಳು ನಂಜಣ್ಣ, ಈ ಹೆಸರುಗಳನ್ನೆಲ್ಲ ಎಲ್ಲಿ ಇಡುತ್ತೀರಿ ಎಂದು ನನ್ನನ್ನು ಕೇಳಿಯೂ ಇದ್ದ. ಕಡತ ಅವನ ಕೈಗೆ ಸಿಕ್ಕಿದ್ದರೆ ವೀರಮ್ಮ ಆ ಊರಿನಲ್ಲಿ ಬಾಳುವಂತಿರಲಿಲ್ಲ.

ಪೊಲೀಸರಿಗೆ ಹೇಳುತ್ತೇನೆಂದು ಪ್ರೊಫೆಸರ್ ಫೋನ್ ತೆಗೆದಾಗ ಹಿಂದಿನ ಬಾಗಿಲಿನಿಂದ ಜಯಲಕ್ಷ್ಮಮ್ಮ ಬಂದರು. ಮನೆಯ ಒಡತಿ, ಸರ್ಕಾರಿ ಕಾಲೇಜಿನ ನಿವೃತ್ತ ಗ್ರಂಥಪಾಲಕಿ. ಊರಿನಲ್ಲಿ ಆಕಾಶರಾಮನ ಪತ್ರ ಬಂದರೂ, ಸಹಕಾರ ಸಂಘದ ಮೊಹರು ಕಾಣೆಯಾದರೂ ಜನ ಬಂದು ಕೂರುವುದು ಅವರ ಜಗಲಿಯಲ್ಲೇ. ಅಂಥ ನಾಲ್ಕೈದು ಪ್ರಸಂಗಗಳಲ್ಲಿ ಅವರ ಪಕ್ಕದಲ್ಲಿ ನಾನಿದ್ದೆ.

"ಸಂಜೆವರೆಗೆ ಟೈಮ್ ಕೊಡಿ ಸರ್. ಪೊಲೀಸ್ ಬಂದರೆ ಮೊದಲು ಕೇಳೋದೇ ಇಪ್ಪತ್ತೇಳು ಯಾರು ಅಂತ," ಎಂದರು.

ಪ್ರೊಫೆಸರ್ ಫೋನ್ ಕೆಳಗಿಟ್ಟರು.

ಜಯಲಕ್ಷ್ಮಮ್ಮ ಬೀರುವನ್ನು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಮಧ್ಯದ ಖಾನೆಯಲ್ಲಿ ಕಡತಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಹೆಸರುಗಳ ಕಡತವಿದ್ದ ಜಾಗದಲ್ಲಿ, ಪುಸ್ತಕ ಬಂದ ಪೆಟ್ಟಿಗೆಯಿಂದ ಕತ್ತರಿಸಿ ಮಡಿಸಿದ ರಟ್ಟಿತ್ತು. ರಾತ್ರಿ ಎರಡು ಸಲ ಕೇಳಿದ ಸದ್ದಿನ ವಿಷಯ ಹೇಳಿದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದರು. ಕಿಟಕಿಯ ಕೊಂಡಿ, ಬೀಗ, ಸ್ಟೇಪ್ಲರ್, ಮೇಜಿನ ಖಾನೆ, ಒಂದೊಂದಾಗಿ ಸದ್ದು ಮಾಡಿದರು. ಎಲ್ಲಕ್ಕೂ ಅಲ್ಲ ಎಂದೆ. ಕೊನೆಗೆ ಟಕ್ ಎಂದಿತು.

"ಇದೇ," ಎಂದು ಕಣ್ಣು ಬಿಟ್ಟೆ.

ಅವರ ಕೈಯಲ್ಲಿ ಇನ್ನೊಂದು ಕಡತ. ಹಾಳೆಗಳನ್ನು ಹಿಡಿದಿಡುವ ಕಬ್ಬಿಣದ ಬಳೆಯನ್ನು ಬಿಚ್ಚಿದ ಸದ್ದು ಅದು.

"ಎರಡು ಸಲ ಕೇಳಿಸ್ತು ಅಂದೆಯಲ್ಲ? ಮಧ್ಯೆ ಎಷ್ಟು ಹೊತ್ತು?"

ಒಂದೆರಡು ನಿಮಿಷ ಎಂದೆ. ಅವರು ತಲೆಯಾಡಿಸಿ, ಕಾಫಿ ಮಾಡು ಎಂದು ನನ್ನನ್ನು ಕಳಿಸಿದರು. ಹತ್ತೂವರೆಗೆ ಯತೀಶ್ ಬಂದರು, ಎಂದಿಗಿಂತ ತಡವಾಗಿ. ಕಣ್ಣು ಕೆಂಪಗಿತ್ತು, ಅಂಗಿ ಹೊಗೆ ವಾಸನೆ ಹೊಡೆಯುತ್ತಿತ್ತು. ಹೊಗೆಸೊಪ್ಪು ಹದ ಮಾಡುವ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಬಸ್ಸಿನಲ್ಲಿ ಬರುವ ಅರ್ಧ ಜನರ ಬಟ್ಟೆ ಹಾಗೆಯೇ ಇರುತ್ತದೆಂದು ನಾನು ಸುಮ್ಮನಾದೆ. ವಾಣಿಶ್ರೀ ಮೇಡಂ ಅಂತೂ ಕಡತ ಹೋದದ್ದು ಒಳ್ಳೆಯದೇ ಆಯಿತೆಂದು ಎಲ್ಲರ ಮುಂದೆಯೇ ಹೇಳಿ, ಕಾಗದ ಜಾರಿ ಬೀಳುತ್ತಿದ್ದ ತಮ್ಮ ಮೇಜಿನ ಹಿಂದೆ ಕೂತರು.

ಸಂಜೆ ಆರಕ್ಕೆ ಜಯಲಕ್ಷ್ಮಮ್ಮ ಎಲ್ಲರನ್ನೂ ಕಚೇರಿಯಲ್ಲಿ ಸೇರಿಸಿದರು. ನಂಜಣ್ಣ ಬಾಗಿಲ ಬಳಿ ನಿಂತಿದ್ದ. ಕೂರು ಎಂದರೂ ಕೂರಲಿಲ್ಲ.

"ನನ್ ಮ್ಯಾಲೆ ಅನ್ಮಾನ ಇದ್ರೆ ಮಕದ ಮ್ಯಾಲೇ ಕೇಳಿ ಸಾ," ಎಂದ.

"ನಿನ್ನಿಂದಲೇ ಶುರು ಮಾಡ್ತೀನಿ ಕಣೋ," ಎಂದರು ಜಯಲಕ್ಷ್ಮಮ್ಮ. "ಹೆಸರು ಬೇಕಾದವನು ಏನು ಮಾಡ್ತಾನೆ? ಕಡತ ತೆಗೀತಾನೆ, ಓದ್ತಾನೆ, ಫೋನಲ್ಲಿ ಫೋಟೋ ಹಿಡ್ಕೊಂಡು ಇದ್ದ ಜಾಗದಲ್ಲೇ ಇಟ್ಟು ಹೋಗ್ತಾನೆ. ಬಳೆ ಬಿಚ್ಚೋ ಕೆಲಸ ಅವನಿಗಿಲ್ಲ. ಕದ್ದು ಸುದ್ದಿ ಎಬ್ಬಿಸೋ ಕೆಲಸ ಮೊದಲೇ ಇಲ್ಲ. ಹಾಗಾಗಿ ನಂಜಣ್ಣ ಅಲ್ಲ."

ನಂಜಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

ಅವರು ನಿಧಾನವಾಗಿ ಮುಂದುವರಿಸಿದರು. ಬಳೆ ಬಿಚ್ಚಿದ್ದೆಂದರೆ ಬಂದವರಿಗೆ ಇಡೀ ಕಡತ ಬೇಕಿರಲಿಲ್ಲ, ಒಂದು ಹಾಳೆ ತೆಗೆಯಲು ಬಂದಿದ್ದರು. ಇಪ್ಪತ್ತೇಳನೆಯ ಹಾಳೆ. ಹೆಸರು ತಿಳಿಯಲೆಂದಲ್ಲ, ಹೆಸರು ಯಾರಿಗೂ ತಿಳಿಯದಿರಲೆಂದು. ಆದರೆ ಒಂದೆರಡು ನಿಮಿಷ ಯೋಚಿಸಿ ಬಳೆಯನ್ನು ಮತ್ತೆ ಹಾಕಿದರು, ಇಡೀ ಕಡತವನ್ನೇ ಎತ್ತಿಕೊಂಡು ಹೋದರು.

"ಯಾಕೆ?" ಎಂದರು ಪ್ರೊಫೆಸರ್.

"ಐವತ್ತೊಂಬತ್ತು ಹಾಳೆ ಉಳಿದರೆ, ಅರವತ್ತನೆಯದು ಯಾರದು ಅಂತ ಲೆಕ್ಕ ಹಾಕೋಕೆ ಎಷ್ಟು ಹೊತ್ತು ಸರ್? ಪುಸ್ತಕ ಹಂಚಿದ ಮನೆಗಳು ಊರಿಗೆಲ್ಲ ಗೊತ್ತು. ಉಳಿದವರನ್ನೆಲ್ಲ ಗೀಟು ಹೊಡ್ಕೊಂಡು ಬಂದರೆ ಅವಳೊಬ್ಬಳೇ ಉಳೀತಾಳೆ. ಖಾಲಿ ಬಿಟ್ಟ ಜಾಗ ಹೆಸರಿಗಿಂತ ಜೋರಾಗಿ ಕೂಗುತ್ತೆ. ಕಡತದ ಮುಂದೆ ನಿಂತುಕೊಂಡು ಅದು ಹೊಳೆಯೋದು, ವರ್ಷಗಟ್ಟಲೆ ಪಟ್ಟಿಗಳ ಜೊತೆ ಬದುಕಿದವರಿಗೆ."

ವಾಣಿಶ್ರೀ ಮೇಡಂ ನನ್ನನ್ನು ನೋಡಿದರು. ನಾನು ಯತೀಶ್ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ.

ಜಯಲಕ್ಷ್ಮಮ್ಮ ಬೀರು ತೆರೆದು ಆ ರಟ್ಟನ್ನು ಹೊರಗೆ ತೆಗೆದರು. ಪಕ್ಕದ ಕಡತ ಕೂಡಲೇ ವಾಲಿ ಬಿತ್ತು. ಗ್ರಂಥಾಲಯದಲ್ಲಿ ದಪ್ಪ ಪುಸ್ತಕವೊಂದನ್ನು ಬಹುದಿನಕ್ಕೆ ಹೊರಗೆ ತೆಗೆದರೆ, ಅದೇ ಅಗಲದ ರಟ್ಟನ್ನೋ ಹಲಗೆಯನ್ನೋ ಅಲ್ಲಿ ಇಡುತ್ತಾರೆ, ಇಲ್ಲದಿದ್ದರೆ ಪಕ್ಕದವು ಬಾಗಿ ಬೆನ್ನು ಮುರಿದುಕೊಳ್ಳುತ್ತವೆ ಎಂದು ವಿವರಿಸಿದರು. ಅದನ್ನು ಡಮ್ಮಿ ಎನ್ನುತ್ತಾರಂತೆ. "ಕಳ್ಳತನ ಮಾಡೋವಾಗಲೂ ಕೈ ಬಿಡಲಿಲ್ಲ ಆ ಅಭ್ಯಾಸ. ಈ ಮನೇಲಿ ಹಾಗೆ ಮಾಡೋರು ಇಬ್ಬರೇ. ಒಬ್ಬಳು ನಾನು. ನಾನು ಮಾಡಿಲ್ಲ."

"ಬರೀ ರಟ್ಟಿನ ಮೇಲೆ ಹೇಳ್ತೀರಾ?" ಎಂದರು ಪ್ರೊಫೆಸರ್. "ಆ ಕಡತ ಹೋದರೆ ಎಲ್ಲರಿಗಿಂತ ಹೆಚ್ಚು ಕಳ್ಕೊಳ್ಳೋನು ಯತೀಶ."

"ಅದಕ್ಕೇ ಬೆಳಿಗ್ಗೆ ಅವರ ಅಂಗಿ ವಾಸನೆನೂ ನೋಡಿದೆ. ಅವರ ಊರು ನಾಲೆ ನೀರಿನ ಊರು, ಅಲ್ಲಿನ ಹೊಗೆ ಅಂದರೆ ಆಲೆಮನೆ ಹೊಗೆ, ಬೆಲ್ಲದ್ದು. ಇವರ ಮೈಮೇಲಿದ್ದದ್ದು ಸೊಪ್ಪಿನ ಘಾಟು. ಹೊಗೆಸೊಪ್ಪು ಹದ ಮಾಡೋ ಬ್ಯಾರನ್‌ಗಳಲ್ಲಿ ಈಗ ಹಗಲೂ ರಾತ್ರಿ ಒಲೆ ಉರೀತಿರುತ್ತೆ. ಕಾಗದ ಸುಡೋಕೆ ಅದಕ್ಕಿಂತ ಜಾಗ ಬೇಕಾ?"

ಯತೀಶ್ ಎದ್ದು ನಿಂತರು. ವಿದ್ಯಾರ್ಥಿಯಂತೆ ಕೈಕಟ್ಟಿದ್ದರು.

"ಹಾರನಹಳ್ಳಿಲಿ ನಮ್ಮಪ್ಪನ ಸ್ನೇಹಿತರು ಕೆಂಪಯ್ಯ ಅಂತ. ಅವರ ಬ್ಯಾರನ್‌ಗೆ ಹಾಕ್ದೆ ಸರ್. ಏನು ಅಂತ ಅವರು ಕೇಳಲಿಲ್ಲ. ಒಂದು ಹಾಳೆನೂ ನಾನು ಓದಿಲ್ಲ."

"ನನಗೆ ಬಾಯಿಬಿಟ್ಟು ಹೇಳಬಹುದಿತ್ತಲ್ಲಯ್ಯ."

"ವಾಣಿಶ್ರೀ ಮೇಡಂ ಹೇಳಿದರಲ್ಲ ಸರ್. ನೀವು ಕೇಳಿಸ್ಕೊಂಡ್ರಾ?"

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಪ್ರೊಫೆಸರ್ ಗೋಡೆಯ ಮೇಲಿನ ನಕ್ಷೆಯನ್ನೇ ನೋಡುತ್ತ ಕೂತಿದ್ದರು. ಅರವತ್ತು ಚುಕ್ಕೆಗಳು, ಅವುಗಳ ನಡುವೆ ಕೆಂಪು ಗೆರೆಗಳು. ಕೊನೆಗೆ ಒಂದು ಹಾಳೆ ಎಳೆದುಕೊಂಡು ಬರೆದರು. ಗುರುತಿನ ಪಟ್ಟಿ ನಾಶವಾಗಿದೆ, ಮನೆಗಳನ್ನು ತೋರಿಸಲಾಗದು, ವಿಭಾಗವು ಪ್ರಶಸ್ತಿಯ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತದೆ, ಹೊಣೆ ಮುಖ್ಯಸ್ಥನಾದ ನನ್ನದು. ತಾನೂ ಸಹಿ ಹಾಕುತ್ತೇನೆಂದು ಯತೀಶ್ ಮುಂದೆ ಬಂದರು. ಪ್ರೊಫೆಸರ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ನಂಜಣ್ಣನ ಹತ್ತಿರ ಹೋಗಿ, ತಪ್ಪಾಯಿತಪ್ಪ ಎಂದರು.

ಎಲ್ಲರೂ ಹೋದ ಮೇಲೆ ಗೇಟಿನ ಬಳಿ ನಂಜಣ್ಣ ಸಿಕ್ಕಿದ. ನನ್ನ ಮನಸ್ಸು ಇನ್ನೂ ಪೂರ್ತಿ ಹಗುರಾಗಿರಲಿಲ್ಲ. ಹೋದ ತಿಂಗಳು ಹೆಸರುಗಳನ್ನು ಎಲ್ಲಿಡುತ್ತೀರಿ ಎಂದು ಯಾಕೆ ಕೇಳಿದ್ದೆ ಎಂದು ನೇರವಾಗಿಯೇ ಕೇಳಿದೆ.

"ಬೀಗ ಗಟ್ಟಿ ಅದಾ ಅಂತ ಕೇಳ್ದೆ ಕಣವ್ವ."

"ನಿನಗ್ಯಾಕೆ ಆ ಚಿಂತೆ?"

ಅವನು ರಸ್ತೆಯ ಆ ಕಡೆ ಈ ಕಡೆ ನೋಡಿದ. "ವೀರಮ್ಮ ಆ ಫೋನ್ ಮಾಡಿದ್ದು ನನ್ ಫೋನ್ನಾಗೆ. ನೀವು ಊರೊಳಿಕ್ಕೋಗಿ ಬ್ಯಾರೆ ಮನೆ ಪುಸ್ತಕ ನೋಡ್ತಿದ್ರಿ, ನಾನು ಕೆರೆ ಏರಿ ಮ್ಯಾಲೆ ಗಾಡಿ ನಿಲ್ಸಿದ್ದೆ. ನನ್ದುಕ್ಕೆ ಕರೆನ್ಸಿ ಇಲ್ಲ ಕಣಣ್ಣ, ಒಸಿ ಕೊಡು ಅಂದ್ಲು. ಆಮ್ಯಾಕೆ ನಂಬರ್ ನೋಡ್ದೆ, ಮಕ್ಕಳ ಸಾಯವಾಣೀದು. ಗೊತ್ತಾಯ್ತು."

ಯಾವ ಕಿವಿಗೆ ಬೀಳಬಾರದೆಂದು ಇಷ್ಟೆಲ್ಲ ನಡೆದಿತ್ತೋ, ಆ ಕಿವಿಗೆ ಒಂದೂವರೆ ವರ್ಷದ ಹಿಂದೆಯೇ ಬಿದ್ದಾಗಿತ್ತು.

"ಉಡುಗಿ ಒಂಬತ್ತನೇ ಕ್ಲಾಸು ಕಣವ್ವ," ಎಂದ ಅವನು, ನಾನು ಕೇಳದಿದ್ದರೂ. "ನಮ್ ಪುಟ್ಟಿ ವಾರಿಗೆ."

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅವನ ಬಾಮೈದ. ಕಚೇರಿಯಲ್ಲಿ ಏನೋ ಗಲಾಟೆಯಂತೆ ಎಂಬುದು ಅಷ್ಟು ಹೊತ್ತಿಗೆ ಅಲ್ಲಿಗೂ ಮುಟ್ಟಿತ್ತು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು: ಪಟ್ಟಿ ಸಿಕ್ಕಿತಂತಲ್ಲ, ಯಾರ ಹೆಸರಿದೆ, ನೋಡಿದೆಯಾ?

ನಂಜಣ್ಣ ಗೇಟಿನ ಸರಪಳಿಯನ್ನು ಒಂದು ಕೈಯಲ್ಲಿ ಸುತ್ತುತ್ತ ನನ್ನ ಮುಖವನ್ನೇ ನೋಡಿದ.

"ಏನೂ ಇಲ್ಲ ಕಣ್ಲಾ," ಎಂದ. "ಯಾವ್ದೋ ಅಳೇ ಫೈಲು ಕಳ್ದೋಗದೆ. ಎಸ್ರಾ? ನಂಗ್ಯಾವ ಎಸ್ರು ಗೊತ್ತು, ಬುಡು."

ಫೋನನ್ನು ಜೇಬಿಗೆ ಹಾಕಿಕೊಂಡು ಬೀಗ ಒತ್ತಿದ. ಎಳೆದು ನೋಡಿದ, ಭದ್ರವಾಗಿತ್ತು.