ಬೆನ್ನು ತಿರುಗಿಸಿ ಆಡಿದ ಮಾತು

ದೋಣಿ ಮಗುಚಿ ನೀರಿಗೆ ಬೀಳುವ ನಾಯಕಿ ಮೊದಲು ಕಿರುಚಬೇಕೋ ನಗಬೇಕೋ ಎಂಬುದು ಮನುಕುಲ ಇನ್ನೂ ಇತ್ಯರ್ಥ ಮಾಡಿಕೊಳ್ಳದ ಗಂಭೀರ ಪ್ರಶ್ನೆ. ಡಬ್ಬಿಂಗ್ ಸ್ಟುಡಿಯೋದ ಇಕ್ಕಟ್ಟಾದ ಕಾರಿಡಾರಿನಲ್ಲಿ ಇಬ್ಬರು ಅದಕ್ಕಾಗಿ ಜಗಳಕ್ಕೆ ನಿಂತಿದ್ದರು. ಪರಭಾಷೆಯ ನಾಯಕಿಯರಿಗೆಲ್ಲ ಇಲ್ಲಿ ಅವಳದೇ ದನಿ, ನಾಯಕರಿಗೆ ಅವನದು.

"ಕಿರುಚ್ಬೇಕು ಮೇಡಮ್. ನೀರು ತಣ್ಣಗಿರುತ್ತೆ."

"ಪಕ್ಕದಲ್ಲಿ ಅವನಿದ್ದಾನಲ್ಲ, ಹೀರೋ ಸಾಹೇಬ್ರೇ. ನಗ್ಬೇಕು."

"ಅವನಿಗೂ ಈಜು ಬರಲ್ಲ!"

"ಇಂಥ ಪಿಕ್ಚರಲ್ಲಿ ಯಾರೂ ಮುಳುಗಲ್ಲ ಕಣ್ರೀ."

ಇಂಥ ಚಿತ್ರಗಳ ಹುಚ್ಚು ಅವಳಿಗೆ ಹಿಡಿದದ್ದೇ ಅದಕ್ಕೆ. ಕಳ್ಳರು ಅಟ್ಟಿಸಿಕೊಂಡು ಬರುತ್ತಾರೆ, ಸೇತುವೆ ಮುರಿಯುತ್ತದೆ, ಬಿದ್ದವರು ನೇರ ಹುಲ್ಲಿನ ಮೆದೆಯ ಮೇಲೇ ಬಿದ್ದು, ಬಿದ್ದಲ್ಲಿಂದಲೇ ಜಗಳ ಮುಂದುವರಿಸುತ್ತಾರೆ. ಯಾರ ಅಮ್ಮನೂ ಹಾಸಿಗೆ ಹಿಡಿಯುವುದಿಲ್ಲ. ಹಾಸಿಗೆ ಹಿಡಿದ ತನ್ನಮ್ಮ ಕಣ್ಮುಚ್ಚುವ ತನಕ, ಅವಳು ರಾತ್ರಿಯೆಲ್ಲ ಅಮ್ಮನ ಆರೈಕೆ ಮಾಡಿ, ಹಗಲೆಲ್ಲ ಮೈಕಿನ ಮುಂದೆ ಹೀಗೆ ಬೀಳುತ್ತ ಏಳುತ್ತ ನಗುತ್ತ ಮನೆ ನಡೆಸಿದ್ದಳು.

ತೆರೆಯ ಮೇಲೆ ಅವರಿಬ್ಬರೂ ಎಷ್ಟೋ ಸಲ ಪ್ರೀತಿಸಿ ಒಂದಾಗಿದ್ದರು. ಮೈಕಿನ ಮುಂದೆ ಒಟ್ಟಿಗೆ ಒಮ್ಮೆಯೂ ನಿಂತಿರಲಿಲ್ಲ. ಈಗಿನ ಕೆಲಸದ ರೀತಿಯೇ ಹಾಗೆ: ಮೊದಲು ಅವನೊಬ್ಬನೇ ತನ್ನ ಪಾಲಿನ ಮಾತು ಮುಗಿಸುತ್ತಾನೆ, ಆಮೇಲೆ ಅವಳು ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ಉತ್ತರ ಕೊಡುತ್ತಾಳೆ. ಮುತ್ತಿನ ಸದ್ದಿಗೆ ಇಬ್ಬರೂ ತಂತಮ್ಮ ಮುಂಗೈಯನ್ನೇ ನಂಬಿಕೊಂಡಿದ್ದರು. ಉಳಿದದ್ದೆಲ್ಲ ಕಾರಿಡಾರಿನ ಕೆಲವು ನಿಮಿಷ. ಮಳೆ ಬಂದ ಒಂದು ಸಂಜೆ ಅವಳ ಛತ್ರಿ ಒಯ್ದವನು ಇನ್ನೂ ಹಿಂದಿರುಗಿಸಿರಲಿಲ್ಲ.

"ನನ್ನ ಛತ್ರಿ?"

"ತರ್ತೀನಿ ಮೇಡಮ್," ಎಂದು ಕೆಮ್ಮಿದ. ಕತ್ತಿನ ಮಫ್ಲರ್ ಸರಿಮಾಡಿಕೊಂಡು, ಬಾಗಿಲಲ್ಲೊಮ್ಮೆ ತಿರುಗಿ ಅವಳನ್ನು ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿ, ಒಳಹೋದ.

ಮರುವಾರ ಅವಳ ಸರದಿ. ಕಾರಿಡಾರ್ ಖಾಲಿಯಿತ್ತು.

"ಎಲ್ಲಿ ನಮ್ಮ ಹೀರೋ?"

ಸೌಂಡ್ ಇಂಜಿನಿಯರ್ ಗುಂಡಿಗಳಿಂದ ಕಣ್ಣೆತ್ತಲಿಲ್ಲ. "ಗಂಟಲಲ್ಲಿ ಗಡ್ಡೆ ಮೇಡಮ್. ಇವತ್ತೇ ಆಪರೇಶನ್. ಧ್ವನಿಪೆಟ್ಟಿಗೇನೇ ತೆಗೀತಾರಂತೆ. ನಿಮಗೆ ಹೇಳ್ಬೇಡ ಅಂದಿದ್ರು, ನಗು ಕೆಡುತ್ತೆ ಅಂತ. ನಾನು ಹೇಳಿಬಿಟ್ಟೆ."

ದೋಣಿಯ ದೃಶ್ಯದಲ್ಲಿ ಅವಳು ಅವನು ಹೇಳಿದಂತೆಯೇ ಕಿರುಚಿದಳು. ಒಂದೇ ಟೇಕ್ ಸಾಕಾಯಿತು.

ಕೊನೆಯ ದೃಶ್ಯ ಬಂದರಿನಲ್ಲಿ. ನಾಯಕ ಬೆನ್ನು ತಿರುಗಿಸಿ ಸಮುದ್ರ ನೋಡುತ್ತ ನಿಂತಿದ್ದಾನೆ. "ಹಡಗು ಹೊರಡ್ತಿದೆ, ಬೇಗ ಬಾ" ಎಂಬುದು ಬರೆದ ಮಾತು. ಆದರೆ ತುಟಿ ಕಾಣದ ಕಡೆ ಡಬ್ಬಿಂಗ್‌ನವರು ರಾಜರು. ಏನು ಬೇಕಾದರೂ ಹೇಳಿಸಬಹುದು. ಹೆಡ್‌ಫೋನಿನಲ್ಲಿ ಅವನ ದನಿ ಬಂತು:

"ನಿಮ್ಮ ಛತ್ರಿ ನನ್ನ ಹತ್ರಾನೇ ಇದೆ. ಕೊಟ್ಟುಬಿಟ್ರೆ ನಿಮ್ಮನ್ನ ಮಾತಾಡಿಸೋಕೆ ನಂಗೆ ನೆಪ ಎಲ್ಲಿದೆ? ನೀವಂದ್ರೆ ನಂಗೆ ಪ್ರಾಣ."

ತೆರೆಯ ತುಂಬ ಈಗ ನಾಯಕಿಯ ಮುಖ. ಅವಳು ಮಾತೇ ಆಡುವುದಿಲ್ಲ; ನಗುತ್ತಾಳೆ, ಅಷ್ಟೇ.

ಮೊದಲ ಟೇಕಿನಲ್ಲಿ ಇವಳು ಬಿಕ್ಕಿದಳು. ಆಮೇಲಿನವೂ ಕೆಟ್ಟವು. ಇಂಜಿನಿಯರ್ ನೀರು ತಂದಿಟ್ಟ. ಕೊನೆಗೊಂದು ನಗು ಬಂತು, ತುದಿಯಲ್ಲಿ ತುಸು ಒದ್ದೆ.

"ಸ್ಕ್ರಿಪ್ಟಲ್ಲಿ ಛತ್ರಿ ಇಲ್ವಲ್ಲ ಮೇಡಮ್. ತೆಗೆದುಬಿಡ್ಲಾ?"

"ಇರಲಿ ಬಿಡಿ. ಕಾಣೋದು ಬೆನ್ನು ತಾನೇ."

ಆಸ್ಪತ್ರೆಯಲ್ಲಿ ಅವನ ಕತ್ತಿಗೆ ಬಿಳಿ ಪಟ್ಟಿ, ಪಕ್ಕದ ಸ್ಟೂಲಿನಲ್ಲಿ ಅವನ ಅಕ್ಕ. ಇವಳನ್ನು ಕಂಡದ್ದೇ ಅವನ ತುಟಿ ಅಲುಗತೊಡಗಿತು, ಬಹಳ ಹೊತ್ತು ಅಲುಗಿತು. ದನಿಯಿಲ್ಲ. ಪರರ ತುಟಿ ನೋಡಿಯೇ ಅನ್ನ ತಿಂದವಳಿಗೆ ಒಂದಕ್ಷರವೂ ತಪ್ಪಲಿಲ್ಲ: ಹೋಗಿ ಮೇಡಮ್. ಅಮ್ಮನಿಗೆ ಮಾಡಿದ್ದೇ ಸಾಕು. ಇನ್ನು ಈ ಮೂಗನ ಪಡಿಪಾಟಲು ನಿಮಗ್ಯಾಕೆ?

"ನಂಗೊಂದೂ ತಿಳಿಯಲ್ಲ ಕಣಮ್ಮ," ಎಂದರು ಅಕ್ಕ. "ಏನಂದ?"

"'ನಾಳೇನೂ ಬನ್ನಿ' ಅಂದ್ರು."

"ಅಷ್ಟಕ್ಕೆ ಇಷ್ಟೊಂದು ಬಾಯಿ ಆಡಿಸಿದ್ನಾ?"

"ಡಬ್ಬಿಂಗಲ್ಲಿ ಒಂಚೂರು ಹೆಚ್ಚುಕಮ್ಮಿ ಆಗುತ್ತೆ ಅಕ್ಕಾ."

ಅವನ ಭುಜ ಕುಲುಕಿತು. ಕಣ್ಣಲ್ಲಿ ನೀರಿಟ್ಟುಕೊಂಡು ನಗುತ್ತಿದ್ದ, ಸದ್ದೊಂದೇ ಇಲ್ಲ. ಅವಳು ಅವನ ತುಟಿಯನ್ನೇ ನೋಡುತ್ತ, ಅದಕ್ಕೆ ಸರಿಯಾಗಿ ಹೊಂದಿಸಿ, ಆ ನಗುವನ್ನು ತಾನೇ ನಕ್ಕಳು.

ಚಿತ್ರ ಬಿಡುಗಡೆಯಾಯಿತು. ಛತ್ರಿಯ ಮಾತಿಗೆ ಜನ ನಕ್ಕರು. ಅವರಿಬ್ಬರ ಮದುವೆಯಾಯಿತು. ಅವನ ದನಿ ಮತ್ತೆ ಬರಲಿಲ್ಲ.