ನಲವತ್ತು ಕುರ್ಚಿಗಳ ಮರುಜನ್ಮ

ಕೊಯ್ಲು ಮುಗಿದು ಗಾಳಿಕಾಲ ಶುರುವಾಗಿತ್ತು. ಹೊಲಗಳಿಂದ ಹಾರಿಬಂದ ಹೊಟ್ಟು ಪುರಸಭೆಯ ಉಗ್ರಾಣಕ್ಕೂ ನುಗ್ಗಿ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ನಲವತ್ತು ಮುರುಕಲು ಕುರ್ಚಿಗಳ ಮೇಲೆ ಕೂರುತ್ತಿತ್ತು. ಉಗ್ರಾಣದ ಗುಮಾಸ್ತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಧೂಳು ಹೊಡೆಯುತ್ತಿದ್ದ. ಮರುದಿನದಿಂದ ಕಚೇರಿಯವರಿಗೆಲ್ಲ ಹಳೆ ಸಾಮಾನಿನ ಮರುಬಳಕೆಯ ತರಬೇತಿಯಂತೆ, ಇವೂ ಅದಕ್ಕೆ ಬೇಕಂತೆ.

ಬಾಗಿಲ ಬಳಿಯ ಮುಕ್ಕಾಲಿಯ ಮೇಲಿಂದ ಅಟೆಂಡರ್ ಅಕ್ಕ ಸೊಂಟ ಹಿಡಿದುಕೊಂಡು ಎದ್ದಳು. "ಸಾರ್, ನನಗೊಂದು ಕುರ್ಚಿ ಅಂದಿದ್ರಲ್ಲ?"

"ಮುಂದಿನ ಸಲ, ಅಕ್ಕ."

"ಒಂಬತ್ತು ವರ್ಷದಿಂದ ಅದೇ ಮುಂದಿನ ಸಲ. ನನ್ ಬೆನ್ನು ರಿಟೈರಾದ್ಮೇಲೆ ಕೊಡ್ತೀರಾ?"

ಗುಮಾಸ್ತನಿಗೆ ತನ್ನದೇ ಸಂಕಟ. ಹೊಸ ಕುರ್ಚಿ ಕೊಂಡಾಗಲೆಲ್ಲ ಅಂಗಡಿಯವನು ಕೈ ಬೆಚ್ಚಗೆ ಮಾಡುತ್ತಿದ್ದ. ಇಪ್ಪತ್ತು ವರ್ಷದ ಆ ಸುಖಕ್ಕೆ ಹೊಸ ನಿಯಮ ಕಲ್ಲು ಹಾಕಿತ್ತು. ಇನ್ನು ಮೇಲೆ ಕಚೇರಿ ರಿಪೇರಿಯಾದ ಹಳೆಯ ಸಾಮಾನನ್ನೇ ಕೊಳ್ಳಬೇಕು.

"ಮೊದಲು ಬದಲಾಗಬೇಕಾದ್ದು ನಿಮ್ಮ ಮನಸ್ಸು," ಎಂದರು ತರಬೇತಿಯ ಮೇಡಂ, ಎರಡನೆಯ ದಿನ ಮಧ್ಯಾಹ್ನ. "ಯಾವ ವಸ್ತುನೂ ಸತ್ತೋಯ್ತು ಅನ್ಕೋಬೇಡಿ. ಅದು ಹೋಗತ್ತೆ, ರಿಪೇರಿಯಾಗಿ ನಿಮ್ಮ ಹತ್ರಾನೇ ವಾಪಸ್ ಬರತ್ತೆ."

ಅರೆನಿದ್ದೆಯಲ್ಲಿದ್ದ ಗುಮಾಸ್ತನ ಕಿವಿಗೆ ಆ ಮಾತು ಬಿದ್ದದ್ದೇ ತಡ, ಕಣ್ಣು ಅಗಲವಾಯಿತು. ಅವನ ಮನಸ್ಸು ನಿಜಕ್ಕೂ ಬದಲಾಯಿತು. ಹೋಗುತ್ತದೆ, ವಾಪಸ್ ಬರುತ್ತದೆ! ಮೆಲ್ಲಗೆ ಹೊರಬಿದ್ದು ಬಡಗಿ ಬಾಮೈದುನನಿಗೆ ಫೋನು ಹಚ್ಚಿದ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಒಳಗೆ ಎಲ್ಲರೂ ಆ ಮುರುಕಲು ಕುರ್ಚಿಗಳ ಅಡಿಗೆ ತೂರಿಕೊಂಡಿದ್ದರು. ಇಂಜಿನಿಯರ್ ಸಾಹೇಬರ ಬೂಟು ಮಾತ್ರ ಕಾಣುತ್ತಿತ್ತು. ಏನೋ ಮಕ್ಕಳಾಟ. ಹೊಟ್ಟೆ ಹಿಡಿದು ನಕ್ಕು, ಹಾಜರಿಗೆ ಸಹಿ ಜಡಿದು ಚಹಾಕ್ಕೆ ಹೋದ.

ಉಪಾಯ ಹಾಲು ಕುಡಿದಷ್ಟು ಸಲೀಸು. 'ಗೆದ್ದಲು ತಿಂದಿದೆ, ಸೌದೆಗೂ ಬಾರದು' ಎಂದು ಬರೆದು ಕುರ್ಚಿಗಳನ್ನು ಹಿಂದಿನ ಗೇಟಿನಿಂದ ಸಾಗಿಸುವುದು. ಬಾಮೈದುನ ಕಾಲು ಜೋಡಿಸಿ, ಪಾಲಿಶ್ ಬಳಿದು, ಟೆಂಡರ್ ಹಾಕಿ ಅವನ್ನೇ ಕಚೇರಿಗೆ ಮಾರುವುದು. ಹಳೆಯ ಕುರ್ಚಿ ಹಳೆಯದರಂತೆ ಕಂಡರೆ ಅನುಮಾನಪಡುವವರಾರು? ನಿಯಮ ಕೇಳುವುದೇ ಅದನ್ನು! ಕದ್ದ ಮಾಲನ್ನು ಯಜಮಾನನಿಗೇ ಮಾರಿ ಚಪ್ಪಾಳೆಯನ್ನೂ ಗಿಟ್ಟಿಸುವ ಕಳ್ಳ ಭೂಮಿಯ ಮೇಲೆ ತಾನೊಬ್ಬನೇ ಎನ್ನಿಸಿ, ನಡುರಸ್ತೆಯಲ್ಲೇ ಕುಣಿಯುವ ಹಾಗಾಗುತ್ತಿತ್ತು ಅವನಿಗೆ.

ಶೆಡ್ಡಿನಲ್ಲಿ ಬಾಮೈದುನ ಕೇಳಿದ: "ಭಾವ, ಅಡಿಯೆಲ್ಲ ಗಲೀಜಾಗಿದೆ. ಉಜ್ಜಿ ಅಲ್ಲಿಗೂ ಪಾಲಿಶ್ ಹೊಡೀಲಾ?"

"ಜನ ಕುರ್ಚಿ ಮೇಲೆ ಕೂರ್ತಾರೋ, ಕೆಳಗೆ ಕೂರ್ತಾರೋ? ಪಾಲಿಶ್ ಏನು ನಿಮ್ಮಪ್ಪ ಕೊಡ್ಸಿದ್ನಾ?"

"ನಮ್ಮಪ್ಪ ಕೊಡ್ಸಿದ್ದನ್ನೆಲ್ಲ ನೀವು ತಿಂದು ಮುಗ್ಸಿ ಆಯ್ತಲ್ಲ ಭಾವ," ಎಂದು ಅವನು ಬ್ರಷ್ಷು ಅದ್ದಿದ.

ಎರಡು ತಿಂಗಳ ಮೇಲೆ ಕುರ್ಚಿಗಳು ಮದುಮಕ್ಕಳಂತೆ ಮಿರಮಿರ ಮಿಂಚುತ್ತ ಮುಂದಿನ ಗೇಟಿನಿಂದಲೇ ಬಂದವು. ನೋಡಲು ಮೇಡಂ ಕೂಡ ಬಂದಿದ್ದರು. "ಇಡೀ ತರಬೇತೀಲಿ ನಿಜವಾಗಿ ಬದಲಾದೋರು ಇವರೊಬ್ರೇ!" ಎಂದರು. ಸಭಾಂಗಣದ ತುಂಬ ಚಪ್ಪಾಳೆ. ಖುಷಿ ನೆತ್ತಿಗೇರಿದ ಗುಮಾಸ್ತ, ಒಂದು ಕುರ್ಚಿಯನ್ನು ತಾನೇ ಎತ್ತಿ ತಂದು ಅಕ್ಕನ ಮುಂದಿಟ್ಟ.

"ತಗೊಳ್ಳಿ ಅಕ್ಕ. ಒಂಬತ್ತು ವರ್ಷದ ಸಾಲ ತೀರ್ತು!"

ಅಕ್ಕ ಕೂರಲಿಲ್ಲ. ತರಬೇತಿಯಲ್ಲಿ ಕಲಿತ ಹಾಗೆ ಕುರ್ಚಿಯನ್ನು ಬೋರಲು ಹಾಕಿ ಕೀಲು ಅಲುಗಾಡಿಸಿ ನೋಡಿದಳು. ಮುಖ ಅರಳಿತು. "ಅಯ್ಯೋ ಮೇಡಂ, ಇದು ನಮ್ಮ ಉಗ್ರಾಣದ್ದೇ! ಎರಡನೇ ದಿನ ಮಧ್ಯಾಹ್ನ ನೀವು ಒಂದೊಂದು ಕುರ್ಚಿ ಅಡೀಲೂ ಅದರ ಚರಿತ್ರೆ ಬರೆಸಿದ್ರಲ್ಲ, ಇದು ನನ್ ಕೈಬರಹ," ಎಂದು ಗಟ್ಟಿಯಾಗಿ ಓದಿದಳು: "'ವಯಸ್ಸು ಇಪ್ಪತ್ತೆರಡು. ಎಡಗಾಲು ಮುರಿದಿದೆ. ಗೆದ್ದಲು ಹಿಡಿದಿಲ್ಲ. ರಿಪೇರಿ ಆದ ಮೇಲೆ ಬಾಗಿಲ ಬಳಿ ಕೂರುವವಳಿಗೆ ಕೊಡಿ.'" ಅಷ್ಟು ಕೇಳಿದ್ದೇ ಇಂಜಿನಿಯರ್ ಸಾಹೇಬರು ತಮ್ಮದನ್ನು ಹುಡುಕಲು ಓಡಿದರು, ಅವರ ಹಿಂದೆ ಎಲ್ಲರೂ. "ಇದು ನಂದು!" "ಇಲ್ಲಿದೆ ನಂದು!" ಎಂಬ ಕೇಕೆ ಎದ್ದಿತು. ಅಕ್ಕ ತನ್ನದನ್ನು ನೆಟ್ಟಗೆ ಮಾಡಿ, ಬೆನ್ನು ಒರಗಿಸಿ, ಆರಾಮಾಗಿ ಕೂತಳು. ಗುಮಾಸ್ತ ತಾನೂ ಕೂರೋಣವೆಂದು ಸುತ್ತ ನೋಡಿದರೆ, ಉಳಿದ ಮೂವತ್ತೊಂಬತ್ತು ಕುರ್ಚಿಗಳೂ ಕಾಲು ಮೇಲೆ ಮಾಡಿ ಬಿದ್ದಿದ್ದವು.